ಅಳಿಸಿದ ಗೆರೆಯೂ ಗುರುವೇ

ಕಳೆದ ಮಾಘಮಾಸದಲ್ಲಿ ಚಿಂತಾಮಣಿಯ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಆ ಮನೆಯ ಹಿರಿಯಜ್ಜಿ ಪಾರ್ಶ್ವವಾಯುವಿಗೆ ತುತ್ತಾಗಿ, ಬಲಗೈ ಬಲಗಾಲುಗಳ ಶಕ್ತಿಯನ್ನು ಕಳೆದುಕೊಂಡು ಹಾಸಿಗೆ ಹಿಡಿದಿದ್ದರು. ಅವರನ್ನು ಕಂಡು ನಾಲ್ಕು ಸಾಂತ್ವನದ ಮಾತನಾಡಿ ಬರಬೇಕೆಂಬುದು ನನ್ನ ಉದ್ದೇಶವಾಗಿತ್ತು. ಒಳಗೆ ಕಾಲಿಡುತ್ತಿದ್ದಂತೆಯೇ ಹಜಾರದ ತುಂಬ ಮುದ್ದೆ ಮಾಡಿ ಎಸೆದ ಕಾಗದಗಳು ಕಂಡವು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದಳು.

"ಅಯ್ಯನವರೇ, ನೀವಾದರೂ ಇವಳಿಗೆ ಬುದ್ಧಿ ಹೇಳಿ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕಟ್ಟುತ್ತೇನೆಂದು ಹಟ ಹಿಡಿದವಳು ಈಗ ಪೆನ್ಸಿಲ್ಲನ್ನೇ ಮುಟ್ಟುವುದಿಲ್ಲ ಎನ್ನುತ್ತಾಳೆ" ಎಂದು ತಾಯಿ ದೂರಿದರು. ತಂದೆ ಪಕ್ಕದಲ್ಲೇ ಇದ್ದರು. "ಬಿಟ್ಟರೆ ಒಳ್ಳೆಯದೇ ಆಯಿತು. ಚಿತ್ರ ಬರೆದು ಹೊಟ್ಟೆ ತುಂಬೀತೇ?" ಎಂದರು.

ನಾನು ಮಗುವಿನ ಪಕ್ಕದಲ್ಲಿ ಕುಳಿತು ಮೆಲ್ಲನೆ ಕೇಳಿದೆ. "ಅಜ್ಜಿಯ ಮುಖ ಬರೀಬೇಕು ಅಂತ ಹದಿನೈದು ದಿನದಿಂದ ಕೂತಿದ್ದೀನಿ ತಾತ. ಒಂದೂ ಅಜ್ಜಿ ಹಾಗೆ ಬರಲಿಲ್ಲ. ಈಗ ಕಾಗದ ಮುಂದಿಟ್ಟುಕೊಂಡರೆ ಕೈಯೇ ಏಳಲ್ಲ" ಎಂದಳು. ಬಳಿಕ ಅಜ್ಜಿಗೆ ಕೇಳಿಸದಂತೆ, "ಅಜ್ಜಿ ಇರುವಾಗಲೇ ಬರೀಬೇಕು" ಎಂದಳು.

ಪರೀಕ್ಷೆಯ ಮಾತು ನೆಪಮಾತ್ರವೆಂದು ನನಗೆ ಆಗ ತಿಳಿಯಿತು. ಆ ಮಗುವಿನ ಅಳಲಿನ ಹಿಂದೆ ಪ್ರೀತಿಯಿತ್ತು, ಕಾಲ ಮೀರಿಹೋದೀತೆಂಬ ಭಯವಿತ್ತು. ಇಂತಹ ಸಂದರ್ಭದಲ್ಲಿ "ಪ್ರಯತ್ನಿಸು, ಬರುತ್ತದೆ" ಎಂಬ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ. ಕೈ ಏಕೆ ಏಳದೆಂಬುದನ್ನು ಮೊದಲು ವಿಚಾರಿಸಬೇಕು.

ನಾನು ಚಿತ್ರಕಾರನಲ್ಲ. ಆದರೆ ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿತವನು. ಅಲ್ಲಿ ಮೊದಲ ಅಕ್ಷರಾಭ್ಯಾಸ ಮರಳಿನ ಮೇಲೆ. ಬೆರಳಿನಿಂದ ತಿದ್ದಬೇಕು, ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ತಿದ್ದಬೇಕು. ಎಷ್ಟು ಸಲ ತಪ್ಪಿದೆವೆಂಬ ಲೆಕ್ಕವನ್ನು ಮರಳು ಇಟ್ಟುಕೊಳ್ಳುತ್ತಿರಲಿಲ್ಲ, ಗುರುಗಳೂ ಇಟ್ಟುಕೊಳ್ಳುತ್ತಿರಲಿಲ್ಲ. ಆದುದರಿಂದ ತಪ್ಪಿನ ಭಯ ನಮ್ಮನ್ನು ಕಾಡಲಿಲ್ಲ.

ಆ ಮಗುವನ್ನು ಕೇಳಿದೆ: "ಮುಂಬಾಗಿಲ ರಂಗೋಲಿ ಯಾರು ಹಾಕಿದ್ದು?" "ನಾನೇ ತಾತ. ಅಜ್ಜಿ ಕಲಿಸಿದ್ದು" ಎಂದಳು. ಹದಿನೈದು ಚುಕ್ಕಿಯ ರಂಗೋಲಿ! ಎಳೆ ಎಲ್ಲಿಯೂ ತಡವರಿಸಿರಲಿಲ್ಲ. ನಸುಕಿನಲ್ಲಿ ನೀರು ಚಿಮುಕಿಸಿದ ನೆಲದ ಮೇಲೆ ಅಷ್ಟು ಧೈರ್ಯವಾಗಿ ನಡೆಯುವ ಅದೇ ಕೈ ಕಾಗದದ ಮುಂದೆ ಏಕೆ ಸೋಲುತ್ತದೆ? ರಂಗೋಲಿ ನಾಳೆ ಅಳಿಯುತ್ತದೆಂದು ಅದಕ್ಕೆ ಗೊತ್ತು. ಕಾಗದದ ಚಿತ್ರ ಉಳಿಯುತ್ತದೆ, ನಾಲ್ವರು ನೋಡುತ್ತಾರೆ, ಅಜ್ಜಿಯ ಮುಖ ಹಾಗಿಲ್ಲವೆನ್ನುತ್ತಾರೆ. ಉಳಿಯಬೇಕೆಂಬ ಆಸೆಯೇ ಕೈಯನ್ನು ಕಟ್ಟಿಹಾಕಿದೆ. ಮೊದಲ ಕಟ್ಟು ಇದು.

ಎರಡನೆಯ ಕಟ್ಟು ಇನ್ನೊಂದುಂಟು. ಐದು ವರ್ಷದ ಮಗುವಿನ ಕೈಗೆ ಬಳಪ ಕೊಡಿ. ಮನೆ, ಮರ, ಸೂರ್ಯ, ಅಮ್ಮ ಎಲ್ಲವನ್ನೂ ಅಂಜಿಕೆಯಿಲ್ಲದೆ ಬರೆಯುತ್ತದೆ. ಹತ್ತು ಹನ್ನೆರಡರ ವಯಸ್ಸು ಬರುತ್ತಲೇ ಬಹಳ ಮಕ್ಕಳು ಚಿತ್ರ ಬಿಡಿಸುವುದನ್ನೇ ನಿಲ್ಲಿಸುತ್ತಾರೆ. ಅವರ ಕೈ ಕೆಟ್ಟಿದೆಯೆಂದಲ್ಲ, ಕಣ್ಣು ಬೆಳೆದಿದೆ. ಹೋಲಿಕೆ ಸರಿಯಿಲ್ಲವೆಂದು ಕಣ್ಣಿಗೆ ಈಗ ಕಾಣುತ್ತದೆ, ಸರಿಪಡಿಸುವ ಶಕ್ತಿ ಕೈಗೆ ಇನ್ನೂ ಬಂದಿಲ್ಲ. ಕಣ್ಣು ಮುಂದೆ ನಡೆದು ಕೈ ಹಿಂದೆ ಉಳಿದಾಗ ನಡುವೆ ಹುಟ್ಟುವ ಸಂಕಟವೇ ಹತಾಶೆ. ಹಾಗೆ ನೋಡಿದರೆ ಹತಾಶೆಯು ಬೆಳವಣಿಗೆಯ ಲಕ್ಷಣವೇ ಹೊರತು ಅಯೋಗ್ಯತೆಯ ಲಕ್ಷಣವಲ್ಲ. ತನ್ನ ಚಿತ್ರದಲ್ಲಿ ತಪ್ಪೇ ಕಾಣದವನಿಗೆ ಹತಾಶೆಯೂ ಇಲ್ಲ, ಮುಂದಿನ ಮೆಟ್ಟಿಲೂ ಇಲ್ಲ.

ಮರುದಿನ ಕಾರ್ಯನಿಮಿತ್ತ ಶಿಡ್ಲಘಟ್ಟದ ಸಮೀಪದ ಹಳ್ಳಿಯೊಂದಕ್ಕೆ ಹೋದೆ. ಆತಿಥ್ಯ ನೀಡಿದವರು ರೇಷ್ಮೆ ಬೆಳೆಗಾರರು. ಹುಳುಮನೆಯೊಳಗೆ ಇಣುಕಿದರೆ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ತಲೆಯೆತ್ತಿಕೊಂಡು ಅಲುಗಾಡದೆ ನಿಂತಿದ್ದವು. ಸೊಪ್ಪು ತಿನ್ನುತ್ತಿರಲಿಲ್ಲ. "ರೋಗವೇ?" ಎಂದು ಗಾಬರಿಯಿಂದ ಕೇಳಿದೆ. "ಇಲ್ಲ ಅಯ್ಯನವರೇ, ಜ್ವರಕ್ಕೆ ಕೂತಿವೆ" ಎಂದು ಮನೆಯಾಕೆ ನಕ್ಕರು. ನಮ್ಮ ಸೀಮೆಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಹುಳು ತನ್ನ ಬಾಳಿನಲ್ಲಿ 4 ಬಾರಿ ಹಳೆಯ ಚರ್ಮವನ್ನು ಕಳಚುತ್ತದೆ. ಮೈ ಬೆಳೆದು ಚರ್ಮ ಬಿಗಿಯಾದಾಗ ಮೇವು ಬಿಟ್ಟು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ನಿಶ್ಚಲವಾಗಿರುತ್ತದೆ. ಇದನ್ನೇ ರೈತರು ಜ್ವರವೆನ್ನುತ್ತಾರೆ. ಹೊರಗೆ ಸ್ತಬ್ಧ, ಒಳಗೆ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ.

ಆ ಸಮಯದಲ್ಲಿ ಬಲ್ಲ ಬೆಳೆಗಾರ ಸೊಪ್ಪು ಹಾಕುವುದಿಲ್ಲ, ಹುಳುವನ್ನು ಕದಲಿಸುವುದಿಲ್ಲ. ತಟ್ಟೆ ತೇವವಾಗದಂತೆ ಸುಣ್ಣದ ಪುಡಿ ಉದುರಿಸಿ, ಗಾಳಿಯಾಡುವಂತೆ ನೋಡಿಕೊಂಡು ಕಾಯುತ್ತಾನೆ. ಹುಳುಗಳೆಲ್ಲ ಎದ್ದ ಮೇಲೆ ಹದವಾದ ಸೊಪ್ಪು ಕೊಡುತ್ತಾನೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ತನ್ನ ಬಾಳಿನ ಒಟ್ಟು ಮೇವಿನಲ್ಲಿ ನೂರಕ್ಕೆ 80 ಪಾಲಿಗೂ ಮಿಕ್ಕುದನ್ನು ಅದು ಆ ಕಡೆಯ ಹಂತದಲ್ಲಿಯೇ ತಿನ್ನುತ್ತದೆ. ಆ ಬಳಿಕವೇ ಗೂಡು.

ಹಾದಿಯುದ್ದಕ್ಕೂ ಚಿಂತಾಮಣಿಯ ಆ ಮಗು ನೆನಪಿಗೆ ಬರುತ್ತಿತ್ತು. ಕಲಿಯುವವರ ಕೈ ಸ್ತಬ್ಧವಾದಾಗ ನಾವು ಮಾಡುವುದೇನು? ಒಬ್ಬರು ಗದರಿಸಿ ಮತ್ತಷ್ಟು ಸೊಪ್ಪು ಸುರಿಯುತ್ತೇವೆ. ಇನ್ನೊಬ್ಬರು ರೋಗವೆಂದು ಬಗೆದು ತಟ್ಟೆಯನ್ನೇ ಹೊರಗೆಸೆಯುತ್ತೇವೆ. ಎರಡೂ ಅವಿವೇಕ. ಜ್ವರಕ್ಕೆ ಬಿಡುವು ಬೇಕು. ಹಾಗೆಂದು ಜ್ವರ ತಿಂಗಳುಗಟ್ಟಲೆ ನಡೆಯತಕ್ಕದ್ದೂ ಅಲ್ಲ. ಎರಡು ಮೂರು ದಿನ ಪೆನ್ಸಿಲ್ ಬದಿಗಿಟ್ಟು ಕಣ್ಣಿಗೆ ಮಾತ್ರ ಕೆಲಸ ಕೊಡುವುದು, ಬಳಿಕ ಸಣ್ಣದರಿಂದ ಮತ್ತೆ ಆರಂಭಿಸುವುದು ಯೋಗ್ಯವಾದ ಕ್ರಮ.

ದೊಡ್ಡ ಕಲಾವಿದರೂ ಸುಗಮವಾದ ಒಂದೇ ಹಾದಿಯಲ್ಲಿ ನಡೆದವರಲ್ಲ. ಮೈಸೂರಿನ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದವರು. ಉದಕಮಂಡಲ, ಕೊಡೈಕೆನಾಲ್‌ಗಳ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದವರು. ಇಂತಹವರು ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆಯನ್ನೂ ಸಾಧಿಸಿದರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಲಯದ ಮರ್ಮವನ್ನರಿಯಲು ಕಥಕ್ ನೃತ್ಯವನ್ನೇ ಗುರುಮುಖದಿಂದ ಅಭ್ಯಸಿಸಿದರು. ಅವರ ರೇಖಾಚಿತ್ರಗಳಲ್ಲಿ ಗೆರೆಯು ಕುಣಿಯುವುದನ್ನು ಕಂಡವರಿಗೆ ಆ ಶ್ರಮ ವ್ಯರ್ಥವಾಗಲಿಲ್ಲವೆಂಬುದು ವೇದ್ಯವಾಗುತ್ತದೆ. ಕೈ ನಿಂತಾಗ ಹಾಡು, ತೋಟದ ಕೆಲಸ, ಹೊಲಿಗೆ ಇವುಗಳಲ್ಲಿ ತೊಡಗುವುದು ಸೋಮಾರಿತನವಲ್ಲ. ಅದೂ ಅಭ್ಯಾಸದ ಒಂದು ಅಂಗವೇ.

ಇನ್ನು ನೋಡುವ ವಿಷಯ. ಬೆಟ್ಟ ಬರೆಯೆಂದರೆ ನಮ್ಮ ಮಕ್ಕಳೆಲ್ಲ ಮೂರು ತ್ರಿಕೋನ ಬರೆದು ನಡುವೆ ಸೂರ್ಯನನ್ನಿಡುತ್ತಾರೆ. ಚಿಕ್ಕಬಳ್ಳಾಪುರದ ಮಕ್ಕಳೂ ಹೀಗೆಯೇ ಬರೆಯುತ್ತಾರೆ! ದಿನ ಬೆಳಗಾದರೆ ಕಣ್ಣೆದುರಿಗೆ ನಂದಿಬೆಟ್ಟವಿದೆ. ಅದು ತ್ರಿಕೋನವಲ್ಲ, ಮಲಗಿದ ಬಸವನ ಬೆನ್ನಿನಂತಿದೆ. ನಾವು ಕಂಡದ್ದನ್ನು ಬರೆಯುವುದಿಲ್ಲ, ಬೆಟ್ಟವೆಂಬ ಹೆಸರನ್ನು ಬರೆಯುತ್ತೇವೆ. ಮುಖವೂ ಹಾಗೆಯೇ. ಕಣ್ಣೆಂದರೆ ಮೀನಿನಾಕಾರ, ತುಟಿಯೆಂದರೆ ಬಿಲ್ಲಿನಾಕಾರ ಎಂದು ಬಾಯಿಪಾಠ ಮಾಡಿದ್ದನ್ನು ಬರೆದರೆ ಅದು ಯಾರ ಅಜ್ಜಿಯೂ ಆಗದು. ಅಮೆರಿಕದ ಕಲಾಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ ಅವರು 1979ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಉಪಾಯವನ್ನು ಹೇಳಿದ್ದಾರೆ. ಯಾವುದಾದರೊಂದು ಚಿತ್ರವನ್ನು ತಲೆಕೆಳಗಾಗಿಟ್ಟು ನೋಡಿ ಬರೆಯಬೇಕು. ಆಗ ಇದು ಕಣ್ಣು, ಇದು ಮೂಗು ಎಂಬ ಹೆಸರುಗಳು ಮರೆಯಾಗಿ ಗೆರೆಯ ಬಾಗು, ಉದ್ದ, ಅಂತರ ಮಾತ್ರ ಕಾಣುತ್ತವೆ. ಮಕ್ಕಳು ಮಾಡಿ ನೋಡಲಿ. ವಿನೋದವೂ ಆಗುತ್ತದೆ, ಲಾಭವೂ ಆಗುತ್ತದೆ.

ರಜೆಯ ದಿನ ನಂದಿಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಒಂಬತ್ತನೆಯ ಶತಮಾನದಷ್ಟು ಹಿಂದಿನದು ಅದರ ಮೂಲ. ಅಲ್ಲಿಯ ಕಪ್ಪುಕಲ್ಲಿನ ಕಲ್ಯಾಣ ಮಂಟಪದ ಕಂಬಗಳಲ್ಲಿ ಬಳ್ಳಿ, ಹಕ್ಕಿಗಳ ಸೂಕ್ಷ್ಮ ಕೆತ್ತನೆಯಿದೆ. ಇಡೀ ಮಂಟಪವನ್ನು ಬರೆಯಹೋದರೆ ಎದೆಗುಂದುವುದು ಸಹಜ. ಒಂದು ಹಕ್ಕಿಯನ್ನಷ್ಟೇ ಬರೆಯಲಿ. ಗೌರಿಬಿದನೂರಿನವರಿಗೆ ಗಡಿಯಾಚೆ, ಹಿಂದೂಪುರದ ಸಮೀಪದಲ್ಲಿಯೇ ಲೇಪಾಕ್ಷಿಯಿದೆ. ಹದಿನಾರನೆಯ ಶತಮಾನದ ಆ ವೀರಭದ್ರ ದೇವಾಲಯದ ಚಾವಣಿಯ ಚಿತ್ರಗಳಲ್ಲಿ ಗೆರೆಯ ಖಚಿತತೆಯನ್ನು ಕಾಣಬಹುದು. ಅದೇ ಆವರಣದಲ್ಲಿ ಪೂರ್ಣಗೊಳ್ಳದೆ ನಿಂತ ಕಲ್ಯಾಣ ಮಂಟಪವೂ ಇದೆ. ಅದರ ಕಂಬಗಳನ್ನು ನೋಡಲು ಜನ ಇಂದಿಗೂ ಬರುತ್ತಾರೆ. ಮುಗಿಯಲಿಲ್ಲವೆಂಬ ಕಾರಣಕ್ಕೆ ಯಾರೂ ಅದನ್ನು ಕೆಡವಲಿಲ್ಲ. ನಮ್ಮ ಮಕ್ಕಳು ಅರ್ಧ ಬರೆದ ಹಾಳೆಯನ್ನು ಹರಿಯುವ ಮೊದಲು ಇದನ್ನು ನೆನೆಯಲಿ.

ಅನುಭವಿ ಚಿತ್ರಕಲಾ ಶಿಕ್ಷಕರಿಂದ ಕೇಳಿ ತಿಳಿದ ಕೆಲವು ನಿಯಮಗಳನ್ನು ಇಲ್ಲಿ ಹೇಳುತ್ತೇನೆ. ದಿನಕ್ಕೆ 20 ನಿಮಿಷ ಸಾಕು, ಆದರೆ ಒಂದೇ ಹೊತ್ತಿನಲ್ಲಿ ಕುಳಿತುಕೊಳ್ಳಬೇಕು. ಬೆಲೆಬಾಳುವ ಹಾಳೆ ಬೇಡ. ಒಂದು ಮಗ್ಗುಲು ಖಾಲಿಯಿರುವ ಹಳೆಯ ಕಾಗದವೇ ಲೇಸು, ಏಕೆಂದರೆ ಅದು ಹೆದರಿಸುವುದಿಲ್ಲ. ಮೊದಲ ಕೆಲವು ವಾರ ರಬ್ಬರನ್ನು ದೂರವಿಡಬೇಕು. ತಪ್ಪಿದ ಗೆರೆಯ ಪಕ್ಕದಲ್ಲಿಯೇ ಸರಿಯಾದ ಗೆರೆಯನ್ನೆಳೆದರೆ ಎಷ್ಟು ತಪ್ಪಿದೆವೆಂಬುದು ಕಣ್ಣಿಗೆ ಪಾಠವಾಗುತ್ತದೆ. ಅವರೆಕಾಯಿ, ಕುಡುಗೋಲು, ತಾಮ್ರದ ಚೊಂಬು, ದ್ರಾಕ್ಷಿಯ ಗೊಂಚಲು ಹೀಗೆ ಮನೆಯ ಒಂದೇ ವಸ್ತುವನ್ನು ಏಳು ದಿನ ಬರೆಯಬೇಕು. ಪ್ರತಿ ಹಾಳೆಗೂ ತಾರೀಖು ಹಾಕಿ ತೆಗೆದಿಟ್ಟು ತಿಂಗಳಾದ ಮೇಲೆ ಹರಡಿ ನೋಡಬೇಕು. ನಿನ್ನೆಗೂ ಇಂದಿಗೂ ಭೇದ ಕಾಣದು. ತಿಂಗಳಿಗೆ ಕಂಡೇ ಕಾಣುತ್ತದೆ.

ತಂದೆತಾಯಿಗಳಿಗೂ ಒಂದು ಮಾತು. ಈಗ ಮಕ್ಕಳು ಮೊಬೈಲಿನಲ್ಲಿ ಚಿತ್ರ ಬಿಡಿಸುವ ವಿಡಿಯೋಗಳನ್ನು ನೋಡುತ್ತಾರೆ. ಗಂಟೆಗಟ್ಟಲೆಯ ಶ್ರಮ ಅಲ್ಲಿ ಒಂದೇ ನಿಮಿಷದಲ್ಲಿ ಓಡಿ ಮುಗಿಯುತ್ತದೆ; ಕೆಟ್ಟ ಹಾಳೆಗಳನ್ನು ಯಾರೂ ತೋರಿಸುವುದಿಲ್ಲ. ಅದರೊಡನೆ ತಮ್ಮ ಹಾಳೆಯನ್ನು ಹೋಲಿಸಿಕೊಂಡು ಮಕ್ಕಳು ಕುಗ್ಗುತ್ತಾರೆ. "ಪಕ್ಕದ ಮನೆಯವಳು ನೋಡು" ಎಂದು ನಾವೂ ಸೇರಿಸಬಾರದು. "ಚೆನ್ನಾಗಿದೆ" ಎಂಬ ಬಾಯಿಮಾತಿನ ಹೊಗಳಿಕೆಯೂ ಬೇಡ. "ಎಲ್ಲಿ ಕಷ್ಟವಾಯಿತು, ತೋರಿಸು" ಎಂದು ಪಕ್ಕದಲ್ಲಿ ಕುಳಿತರೆ ಸಾಕು. ಹೊಟ್ಟೆ ತುಂಬೀತೇ ಎಂಬ ಪ್ರಶ್ನೆಗೆ ಆ ತಂದೆಗೆ ನಾನು ಹೇಳಿದ್ದಿಷ್ಟೆ: ಸೋತಾಗ ಮತ್ತೆ ಕುಳಿತುಕೊಳ್ಳುವ ಗುಣವನ್ನು ಕಲಿತ ಮಗು ಯಾವ ಕಾಯಕದಲ್ಲಿಯೂ ಹಿಂದೆ ಬೀಳದು.

ಅಂದು ನಾನು ಹೊರಡುವ ಮುನ್ನ ನಡೆದ ಪ್ರಸಂಗವನ್ನು ಹೇಳಿ ಮುಗಿಸುತ್ತೇನೆ. ನಮ್ಮ ಮಾತನ್ನೆಲ್ಲ ಮಲಗಿದಲ್ಲಿಂದಲೇ ಕೇಳುತ್ತಿದ್ದ ಅಜ್ಜಿ ರಂಗೋಲಿ ಬಟ್ಟಲು ತರುವಂತೆ ಸನ್ನೆ ಮಾಡಿದರು. ಮೊಮ್ಮಗಳು ಮಣೆಯೊಂದನ್ನು ಮಗ್ಗುಲಿಗಿಟ್ಟಳು. ಐವತ್ತು ವರ್ಷ ಬಲಗೈಯಿಂದ ರಂಗೋಲಿ ಹಾಕಿದ ಆ ತಾಯಿ ಎಡಗೈಯಿಂದ ಚುಕ್ಕಿಯಿಟ್ಟರು. ಸಾಲು ಸೊಟ್ಟಗಾಯಿತು, ಎಳೆ ನಡುಗಿತು. ಅದನ್ನು ನೋಡಿ ಅವರೇ ಮೊದಲು ನಕ್ಕು, ತೊದಲುತ್ತ, "ಎಡಗೈಗೆ ಇನ್ನೂ ಒಂದನೇ ಕ್ಲಾಸು" ಎಂದರು. ಬಳಿಕ ಅಂಗೈಯಿಂದ ಸವರಿ ಮತ್ತೆ ಚುಕ್ಕಿಯಿಡತೊಡಗಿದರು. ನಾನು ಹೇಳಬೇಕೆಂದಿದ್ದುದನ್ನೆಲ್ಲ ಅವರು ಹೇಳಿ ಮುಗಿಸಿದ್ದರು.

ಯುಗಾದಿ ಕಳೆದ ಮೇಲೆ ಮತ್ತೆ ಆ ಮನೆಗೆ ಹೋಗಿದ್ದೆ. ಮಗು ತನ್ನ ಪುಸ್ತಕವನ್ನು ತಂದು ತೋರಿಸಿದಳು. ಹಾಳೆ ಹಾಳೆಗೂ ತಾರೀಖು. ಮೊದಲ ಪುಟಗಳಲ್ಲಿ ಚೊಂಬು, ಅವರೆಕಾಯಿ. ಆಮೇಲೆ ಪುಟದ ಮೇಲೆ ಪುಟ ರಂಗೋಲಿ ಹಿಡಿದ ಒಂದು ಮುದಿ ಎಡಗೈ. ಉಬ್ಬಿದ ನರ, ಸವೆದ ಬಳೆ, ಬಾಗಿದ ಕಿರುಬೆರಳು. "ಮುಖ ಇನ್ನೂ ಸರಿಯಾಗಿಲ್ಲ ತಾತ. ಮೂಗು ಮಾತ್ರ ಅಜ್ಜಿದೇ ಬಂದಿದೆ" ಎಂದಳು. ಅಜ್ಜಿ ಹಾಸಿಗೆಯಿಂದಲೇ ಪುಸ್ತಕ ತರಿಸಿಕೊಂಡು ಆ ಮೂಗನ್ನು ಬಹಳ ಹೊತ್ತು ನೋಡಿದರು. ತಂದೆ ಪೇಟೆಯಿಂದ ಹೊಸ ಪೆನ್ಸಿಲ್ ತಂದಿದ್ದರು.