ಫಲಾಗಮದ ನಂತರದ ಸಾವು: ‘ಏಲಿಯನ್ 3’ ಮತ್ತು ಪ್ರೇಕ್ಷಕರ ಭಿನ್ನಮತ

ಡೇವಿಡ್ ಫಿಂಚರ್ ನಿರ್ದೇಶನದ ‘ಏಲಿಯನ್ 3’ (1992) ಎಂಬ ವೈಜ್ಞಾನಿಕ ಭಯಾನಕ ಚಿತ್ರದ ಬಗ್ಗೆ ಪ್ರೇಕ್ಷಕರಲ್ಲಿ ಇಂದಿಗೂ ಒಮ್ಮತವಿಲ್ಲ. ಜೇಮ್ಸ್ ಕ್ಯಾಮರೂನ್ ಅವರ ‘ಏಲಿಯನ್ಸ್’ (1986) ಚಿತ್ರದ ಕೊನೆಯಲ್ಲಿ ನಾಯಕಿ ರಿಪ್ಲಿಯೊಂದಿಗೆ ಬಾಲಕಿ ನ್ಯೂಟ್ ಹಾಗೂ ಸೈನಿಕ ಹಿಕ್ಸ್ ಬದುಕುಳಿಯುತ್ತಾರೆ. ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಫಲಾಗಮ. ಉತ್ತರಭಾಗವು ಆರಂಭದಲ್ಲಿಯೇ ಅವರಿಬ್ಬರನ್ನೂ ಇಲ್ಲವಾಗಿಸಿ, ರಿಪ್ಲಿಯನ್ನು ಸೆರೆಮನೆಯ ಗ್ರಹವೊಂದರಲ್ಲಿ ಒಂಟಿಯಾಗಿ ನಿಲ್ಲಿಸುತ್ತದೆ.

ಇದನ್ನು ದ್ರೋಹವೆಂದು ಬಗೆಯುವವರ ಆಕ್ಷೇಪವನ್ನು ಸುಖಾಂತ್ಯದ ಚಪಲವೆಂದು ತಳ್ಳಿಹಾಕಲಾಗದು. ಸಾವನ್ನು ತೋರಿಸುವುದರಲ್ಲಿ ಅನೌಚಿತ್ಯವೇನಿಲ್ಲ. ಆದರೆ ಇಡೀ ಚಿತ್ರವೊಂದರ ಹೋರಾಟದಿಂದ ದೊರೆತ ಫಲವನ್ನು, ಪಾತ್ರಗಳು ಗಾಢನಿದ್ರೆಯಲ್ಲಿರುವಾಗಲೇ, ತೆರೆಯ ಮೇಲೆ ಹೆಸರುಗಳು ಮೂಡುತ್ತಿರುವಾಗಲೇ ಕಸಿದುಕೊಳ್ಳುವುದು ಅನೌಚಿತ್ಯವೇ ಸರಿ.

ಹಾಗೆಂದು ಚಿತ್ರವನ್ನು ಬರಿಯ ನಿರಾಶಾವಾದವೆನ್ನುವುದೂ ಸಲ್ಲದು. ಶವಸಂಸ್ಕಾರದ ದೃಶ್ಯದಲ್ಲಿ ಭಯಾನಕದ ನಡುವೆಯೇ ಕರುಣರಸ ನೆಲೆಗೊಳ್ಳುತ್ತದೆ. ರಿಪ್ಲಿಯ ಒಡಲಲ್ಲಿ ಬೆಳೆಯುತ್ತಿರುವ ಜೀವಿಯನ್ನು ಕೈವಶ ಮಾಡಿಕೊಳ್ಳಲು ಹವಣಿಸುವ ಕಂಪನಿಯು ಆಕೆಗೆ ಬದುಕಿನ ಆಮಿಷವೊಡ್ಡುತ್ತದೆ. ಆಕೆ ಅದನ್ನು ನಿರಾಕರಿಸಿ, ನ್ಯೂಟ್‌ಳ ದೇಹವನ್ನು ಒಪ್ಪಿಸಿದಂಥ ಕುಲುಮೆಯ ಬೆಂಕಿಗೇ ತನ್ನನ್ನು ಒಪ್ಪಿಸಿಕೊಳ್ಳುತ್ತಾಳೆ. ಆರಂಭದ ಅರ್ಥಹೀನ ಸಾವಿಗೆ ಎದುರಾಗಿ ಇಲ್ಲಿ ಅರಿತು ವರಿಸಿದ ಸಾವಿದೆ.

2003ರಲ್ಲಿ ಹೊರಬಂದ, ಸುಮಾರು 30 ನಿಮಿಷಗಳಷ್ಟು ಹೆಚ್ಚು ದೀರ್ಘವಾದ ಆವೃತ್ತಿಯು ಕೈದಿಗಳ ಪಾತ್ರಗಳಿಗೆ ಹೆಚ್ಚಿನ ಅವಕಾಶ ನೀಡಿ ಹಲವರ ನಿಲುವನ್ನು ಬದಲಿಸಿತು. ನ್ಯೂಟ್‌ಳ ಸಾವು ಮಾತ್ರ ಹಾಗೆಯೇ ಉಳಿಯಿತು. ಆರಂಭದಲ್ಲಿ ಮಾಡಿದ ಋಣವನ್ನು ಚಿತ್ರದ ಅಂತ್ಯ ತೀರಿಸುತ್ತದೆಯೇ ಎಂಬುದೇ ಈ ವಿವಾದದ ತಿರುಳು. ಬಹುಪಾಲು ತೀರಿಸುತ್ತದೆ, ಪೂರ್ತಿಯಾಗಿ ಅಲ್ಲ ಎಂಬುದು ನನ್ನ ಅಭಿಮತ.