ಬನ್ನಿ ಹಿಡಿದ ಮಕ್ಕಳು ಯಾವ ಓಣಿಗೆ ಹೋಗುತ್ತಾರೆ?

ವಿಜಯದಶಮಿಯ ಸಂಜೆ ಗದಗ-ಬೆಟಗೇರಿಯ ಹಳೆಯ ಓಣಿಗಳಲ್ಲಿ ದೀಪ ಹಚ್ಚುವ ಹೊತ್ತಿನಿಂದ ಊಟದ ಹೊತ್ತಿನವರೆಗೂ ಮಕ್ಕಳ ಓಡಾಟ ನಿಲ್ಲುವುದಿಲ್ಲ. ವೀರನಾರಾಯಣ ಗುಡಿಯ ಆಸುಪಾಸಿನಲ್ಲಿ, ತ್ರಿಕೂಟೇಶ್ವರ ಗುಡಿಯ ಸುತ್ತಿನ ಸಂದಿಗಳಲ್ಲಿ, ಬೆಟಗೇರಿಯ ನೇಕಾರರ ಸಾಲುಮನೆಗಳಲ್ಲಿ ಒಂದು ಗುಂಪು ಕಟ್ಟೆ ಇಳಿಯುವಷ್ಟರಲ್ಲಿ ಇನ್ನೊಂದು ಗುಂಪು ಹತ್ತಿರುತ್ತದೆ. ಅದೇ ಹೊತ್ತಿಗೆ ಹುಬ್ಬಳ್ಳಿ ರಸ್ತೆ, ಮುಳಗುಂದ ರಸ್ತೆಯ ಕಡೆ ಎದ್ದಿರುವ ಹೊಸ ಬಡಾವಣೆಗಳಲ್ಲಿ ತಟ್ಟೆಯಲ್ಲಿಟ್ಟ ಬನ್ನಿ ಇಟ್ಟಲ್ಲೇ ಬಾಡುತ್ತದೆ. ಎರಡೂ ಒಂದೇ ನಗರಸಭೆಯ ವ್ಯಾಪ್ತಿ, ಒಂದೇ ಹಬ್ಬ. ನಡುವಿನ ದೂರ ಮೂರು-ನಾಲ್ಕು ಕಿಲೋಮೀಟರ್ ಇದ್ದರೆ ಹೆಚ್ಚು.

ಇದಕ್ಕೆ ನಾವು ಕೊಟ್ಟುಕೊಳ್ಳುವ ಕಾರಣ ಗೊತ್ತೇ ಇದೆ: ಈಗಿನ ಮಕ್ಕಳಿಗೆ ಮೊಬೈಲ್ ಹುಚ್ಚು, ಹಬ್ಬ-ಹುಣ್ಣಿಮೆ ಬೇಕಾಗಿಲ್ಲ, ಮನೆಯಲ್ಲಿ ಹಿರಿಯರು ಹೇಳಿಕೊಡುವುದಿಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಬಡಾವಣೆಯಲ್ಲಿ ಸೋಫಾ ಬಿಟ್ಟು ಏಳದ ಹುಡುಗನೇ ದಸರೆಗೆ ಅಜ್ಜಿಯ ಊರಿಗೆ ಹೋದರೆ ಒಂದು ಸಂಜೆಯಲ್ಲಿ ಹತ್ತಾರು ಮನೆ ಸುತ್ತಿ ಬರುತ್ತಾನೆ. ಹುಡುಗ ಅವನೇ, ಮೊಬೈಲೂ ಅದೇ. ಬದಲಾಗಿದ್ದು ಅವನ ಕಾಲ ಕೆಳಗಿನ ರಸ್ತೆ. ಮಕ್ಕಳು ಎಲ್ಲಿ ಹೊರಬರುತ್ತಾರೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಅವರ ಸಂಸ್ಕಾರದಲ್ಲಿ ಹುಡುಕುವ ಮೊದಲು ನಾವು ಕಟ್ಟಿದ ಬೀದಿಯಲ್ಲಿ ಹುಡುಕಬೇಕು.

ಹೊರಜಿಲ್ಲೆಯ ಓದುಗರಿಗಾಗಿ ಆಚರಣೆಯನ್ನು ಸ್ವಲ್ಪ ಹೇಳಬೇಕು. ಬನ್ನಿ ಮರದ ಪೂಜೆ ಮುಗಿದ ಮೇಲೆ ಎಲೆಗಳನ್ನು ಮನೆಗೆ ತರುತ್ತಾರೆ, ದೇವರ ಮುಂದಿಡುತ್ತಾರೆ. ಆಮೇಲೆ ಶುರುವಾಗುವುದು ಮಕ್ಕಳ ಕೆಲಸ. ಒಂದು ಹಿಡಿ ಎಲೆ ಅಂಗಿಯ ಜೇಬಿಗೆ ತುಂಬಿಕೊಂಡು ಮನೆಮನೆಗೆ ಹೋಗಬೇಕು. ಹಿರಿಯರ ಕೈಗೆ ನಾಲ್ಕು ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಕಾಲಿಗೆ ನಮಸ್ಕಾರ ಮಾಡಬೇಕು. ಅವರು ತಮ್ಮ ತಟ್ಟೆಯಿಂದ ನಾಲ್ಕು ಎಲೆ ತಿರುಗಿ ಕೊಡುತ್ತಾರೆ, ತಲೆಯ ಮೇಲೆ ಕೈ ಇಡುತ್ತಾರೆ. ಕೆಲವರು ಉಂಡಿ ಕೊಡುತ್ತಾರೆ, ಕೆಲವರು ಹತ್ತು ರೂಪಾಯಿ. ಹತ್ತನೆಯ ಮನೆ ಮುಟ್ಟುವ ಹೊತ್ತಿಗೆ ಮಗುವಿನ ಜೇಬಿನಲ್ಲಿ ಅದರ ಮನೆಯ ಎಲೆ ಒಂದೂ ಉಳಿದಿರುವುದಿಲ್ಲ. ಇರುವುದೆಲ್ಲ ಓಣಿಯವರು ಕೊಟ್ಟದ್ದು, ಬೆವರಿಗೆ ಮೆತ್ತಗಾದದ್ದು. ಅದನ್ನೇ ಮುಂದಿನ ಮನೆಗೆ ಕೊಡುತ್ತದೆ. ಒಂದು ಮರದಿಂದ ಬಂದ ಎಲೆ ಹೀಗೆ ಕೈಯಿಂದ ಕೈಗೆ ಊರು ಸುತ್ತುತ್ತದೆ.

ಇದನ್ನು ಅಮೆರಿಕ, ಕೆನಡಾದ ಮಕ್ಕಳು ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ವೇಷ ಹಾಕಿಕೊಂಡು ಬಾಗಿಲು ತಟ್ಟುವ ರೂಢಿಗೆ ಹೋಲಿಸಲು ಕಾರಣವಿದೆ. ಅಲ್ಲಿಯೂ ಕೆಲವು ಬೀದಿಗಳಿಗೆ ಮಕ್ಕಳು ಹಿಂಡುಹಿಂಡಾಗಿ ಬರುತ್ತಾರೆ, ಕೆಲವು ಬೀದಿಗಳಲ್ಲಿ ತಂದಿಟ್ಟ ಚಾಕೊಲೇಟ್ ಹಾಗೆಯೇ ಉಳಿಯುತ್ತದೆ. ಅವರು ಅದನ್ನು ವಿಚಾರಿಸಿ ನೋಡಿದ್ದಾರೆ. ಮನೆ ಮಾರಾಟದ ಜಾಲತಾಣ ಝಿಲ್ಲೊ ಹಲವು ವರ್ಷ ಹ್ಯಾಲೋವೀನ್‌ಗೆ ಯಾವ ನಗರ, ಯಾವ ಬಡಾವಣೆ ಲೇಸು ಎಂಬ ಪಟ್ಟಿಯನ್ನೇ ಹೊರಡಿಸುತ್ತಿತ್ತು. ಮನೆಗಳ ಬೆಲೆ, ಜನಸಾಂದ್ರತೆ, ನಡೆದಾಡಲು ಇರುವ ಅನುಕೂಲ, ಅಪರಾಧಗಳ ಪ್ರಮಾಣ ಇವನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ವ್ಯಾಂಕೂವರ್ ನಗರದ ಮುಖ್ಯ ಯೋಜನಾಧಿಕಾರಿಯಾಗಿದ್ದ ಬ್ರೆಂಟ್ ಟೊಡೇರಿಯನ್ ಇದನ್ನು ಒಂದು ಪರೀಕ್ಷೆಯಾಗಿಯೇ ಪ್ರಚಾರ ಮಾಡಿದರು. ಹ್ಯಾಲೋವೀನ್ ಸಂಜೆ ಮಕ್ಕಳು ನಡೆದು ಮನೆಮನೆ ಸುತ್ತಬಲ್ಲ ಬಡಾವಣೆ ಉಳಿದ 364 ದಿನಗಳಿಗೂ ಒಳ್ಳೆಯದೇ ಆಗಿರುತ್ತದೆ ಎಂಬುದು ಅದರ ತಿರುಳು. ಬಾಗಿಲುಗಳು ಹತ್ತಿರ ಹತ್ತಿರ ಇವೆಯೇ, ರಸ್ತೆಯಿಂದ ಕಾಣುತ್ತವೆಯೇ ಅಥವಾ ಎದುರಿಗೆ ಬರೀ ಗ್ಯಾರೇಜಿನ ಷಟರ್ ಇದೆಯೇ, ಪಾದಚಾರಿಗೆ ಜಾಗವಿದೆಯೇ ಎಂದು ನೋಡಿದರೆ ಸಾಕು.

ಗದುಗಿಗೆ ಈ ಅಳತೆ ಹಿಡಿದು ನೋಡಿ. ಹಳೆಯ ಓಣಿಯಲ್ಲಿ ಮನೆಯ ಮುಖ ಸುಮಾರು 15 ಅಡಿ, ಗೋಡೆಗೆ ಗೋಡೆ ಹತ್ತಿಕೊಂಡೇ ಪಕ್ಕದ ಮನೆ ಎಂದಿಟ್ಟುಕೊಳ್ಳೋಣ. 300 ಅಡಿ ನಡೆದರೆ ಎರಡೂ ಬದಿ ಸೇರಿ 40 ಬಾಗಿಲು. ಹೊಸ ಬಡಾವಣೆಯಲ್ಲಿ 30×40 ಸೈಟುಗಳ ಸಾಲು. ಅದೇ 300 ಅಡಿಗೆ ಹೆಚ್ಚೆಂದರೆ 20 ಸೈಟು. ಎನ್‌ಎ ಪ್ಲಾಟ್ ಎಂದು ಕೊಂಡು ಬೆಲೆ ಏರಲಿ ಎಂದು ಬಿಟ್ಟವು ಅದರಲ್ಲಿ ಅರ್ಧ. ಅಲ್ಲಿ ಜಾಲಿಕಂಟಿ ಬೆಳೆದಿದೆ. ಉಳಿದ 10 ಮನೆಗಳಲ್ಲಿ ಹಬ್ಬಕ್ಕೆ ಬೀಗ ಬಿದ್ದವು ಅರ್ಧ. ಅಲ್ಲಿಗೆ 5 ಬಾಗಿಲು. ಆ ಐದಕ್ಕೂ ಮುಂದೆ ಎದೆಯೆತ್ತರದ ಕಾಂಪೌಂಡು, ಒಳಗಿನಿಂದ ಚಿಲಕ ಹಾಕಿದ ಗೇಟು, ನಾಯಿ ಇದೆ ಎಂಬ ಫಲಕ. ಎಂಟು ವರ್ಷದ ಮಗು ಜಾಲಿಕಂಟಿಯ ಕತ್ತಲು ದಾಟಿ ಈ ಐದು ಮನೆಗಾಗಿ ಯಾಕೆ ಬರಬೇಕು?

ಬೀಗದ ಸಂಗತಿಯನ್ನು ಇನ್ನಷ್ಟು ಬಿಡಿಸಬೇಕು, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. 1997ರಲ್ಲಿ ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳು ಬಂದವು, ಕಚೇರಿಗಳೊಂದಿಗೆ ನೌಕರರು, ಶಿಕ್ಷಕರು, ಬ್ಯಾಂಕಿನವರು ಬಂದರು. 2011ರ ಜನಗಣತಿಯ ಹೊತ್ತಿಗೆ ಅವಳಿ ನಗರದ ಜನಸಂಖ್ಯೆ 1.72 ಲಕ್ಷ. ಹೊಸದಾಗಿ ಬಂದವರಲ್ಲಿ ಅನೇಕರು ಬಡಾವಣೆಗಳಲ್ಲಿ ಮನೆ ಮಾಡಿದರು. ಇವರಿಗೆ ಹಬ್ಬ ಎಂದರೆ ಸ್ವಂತ ಊರು. ದಸರೆಯ ರಜೆ ಸಿಕ್ಕ ಕೂಡಲೇ ರೋಣಕ್ಕೋ ಕುಷ್ಟಗಿಗೋ ಸವದತ್ತಿಗೋ ಹೊರಡುತ್ತಾರೆ. ಹಳೆಯ ಓಣಿಗಳಲ್ಲಿ ಇದು ತಿರುವುಮುರುವು: ಹುಬ್ಬಳ್ಳಿ, ಬೆಂಗಳೂರು, ಪುಣೆಯಲ್ಲಿರುವವರು ಮಕ್ಕಳನ್ನು ಕರೆದುಕೊಂಡು ತಾಯಿಮನೆಗೆ ಬರುತ್ತಾರೆ. ಒಂದು ಕಡೆ ಮಕ್ಕಳು ಖಾಲಿಯಾಗುವ ದಿನವೇ ಇನ್ನೊಂದು ಕಡೆ ತುಂಬುತ್ತಾರೆ. ಬಡಾವಣೆಯಲ್ಲಿ ಇಪ್ಪತ್ತು ವರ್ಷದಿಂದ ಇರುವವರೂ ಅದನ್ನು ಇನ್ನೂ ತಮ್ಮ ಊರು ಎಂದುಕೊಂಡಿಲ್ಲ ಎಂಬುದನ್ನು ಈ ಬೀಗಗಳು ಹೇಳುತ್ತವೆ.

ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಚಿತ್ರ ಬೇರೆ. ಲಕ್ಷ್ಮೇಶ್ವರ ಗದಗ-ಬೆಟಗೇರಿಯ ಐದನೇ ಒಂದು ಭಾಗದಷ್ಟು ಜನರಿರುವ ಊರು. ಸೋಮೇಶ್ವರ ಗುಡಿಯ ಹಳೆಯ ಪೇಟೆಯಿಂದ ಹೊರಗಿನ ಪ್ಲಾಟುಗಳಿಗೆ ನಡೆದೇ ಹೋಗಬಹುದು, ಮಕ್ಕಳು ಹೋಗುತ್ತಾರೆ ಕೂಡ. ಮನೆ ಯಾರದು ಎಂದು ಗೊತ್ತಿರುವುದು ದೊಡ್ಡ ಸಂಗತಿ. ಗೇಟು ಎಷ್ಟೇ ಎತ್ತರವಿರಲಿ, "ಇದು ನಮ್ಮ ಸರ್ ಮನಿ" ಎಂದರೆ ಮಗು ಧೈರ್ಯವಾಗಿ ಕೂಗುತ್ತದೆ. ಶಿರಹಟ್ಟಿಯಲ್ಲಿ ಫಕ್ಕೀರೇಶ್ವರ ಮಠದ ಭಾವೈಕ್ಯದ ಪರಂಪರೆ ಊರಿನ ನಡಾವಳಿಯಲ್ಲೇ ಬೆರೆತಿದೆ. ಬನ್ನಿ ಕೊಡುವಾಗ ಮುಸ್ಲಿಂ ಮನೆ, ಹಿಂದೂ ಮನೆ ಎಂದು ಹಿಂದೆಮುಂದೆ ನೋಡದ ಓಣಿಗಳು ಈ ಭಾಗದಲ್ಲಿ ಇನ್ನೂ ಇವೆ. ಅವು ಹಾಗೆಯೇ ಉಳಿಯಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಊರು ಬೆಳೆದು, ಹೊಸ ಬಡಾವಣೆಗಳು ಒಂದೊಂದು ಸಮುದಾಯಕ್ಕೆ ಒಂದೊಂದು ಎಂಬಂತೆ ಹಂಚಿಹೋದರೆ ಆ ಒಡನಾಟ ಮೊದಲು ತಪ್ಪುವುದು ಮಕ್ಕಳಿಗೆ.

ಇಡೀ ಊರನ್ನೇ ಎತ್ತಿ ಬೇರೆಡೆ ಕಟ್ಟಿದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 2009ರ ಪ್ರವಾಹದ ಮೇಲೆ ಉತ್ತರ ಕರ್ನಾಟಕದಲ್ಲಿ 'ಆಸರೆ' ಯೋಜನೆಯ ಹೊಸ ಗ್ರಾಮಗಳು ಎದ್ದವು. ರೋಣ, ನರಗುಂದ ಭಾಗದಲ್ಲೂ ಎದ್ದವು. ನೇರ ರಸ್ತೆ, ಒಂದೇ ಅಳತೆಯ ಮನೆ, ಸಾಲು ಸಂಖ್ಯೆ. ಎಷ್ಟೋ ಕಡೆ ಜನ ಹೋಗಲೇ ಇಲ್ಲ, ಹೋದವರು ತಿರುಗಿ ಬಂದರು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂಬ ಕಾರಣಗಳು ವರದಿಗಳಲ್ಲಿ ಬಂದಿವೆ. ಯಾರ ಪಕ್ಕ ಯಾರಿದ್ದರು ಎಂಬುದನ್ನು ಕೇಳದೆ ಮನೆ ಹಂಚಿದ್ದೂ ಒಂದು ಕಾರಣ ಎಂದೇ ನನ್ನ ನಂಬಿಕೆ. ಮುಂಡರಗಿ ತಾಲ್ಲೂಕಿನಲ್ಲಿ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗಾಗಿ ಊರು ಬಿಡಬೇಕಾದ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದವರ ವಿಷಯದಲ್ಲಿ ಸರ್ಕಾರ ಇದನ್ನು ಕೇಳಿಕೊಳ್ಳಲೇಬೇಕು.

ಎಲ್ಲ ಬಾಗಿಲಿಗೂ ಮಕ್ಕಳು ಬರುವ ಜಾಗವೊಂದನ್ನು ನೋಡಬೇಕೆಂದರೆ ದೀಪಾವಳಿ ಅಮವಾಸ್ಯೆಯ ರಾತ್ರಿ ಮುಂಡರಗಿ, ಶಿರಹಟ್ಟಿ ತಾಲ್ಲೂಕಿನ ಲಂಬಾಣಿ ತಾಂಡಾಗಳಿಗೆ ಹೋಗಬೇಕು. ಕಪ್ಪತಗುಡ್ಡದ ಸೆರಗಿನಲ್ಲಿರುವ ಡೋಣಿ ತಾಂಡಾದಂಥ ಕಡೆ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು 'ಮೇರಾ' ಕೇಳಲು ಹೊರಡುತ್ತಾರೆ. ಮೊದಲು ನಾಯಕನ ಮನೆ, ಆಮೇಲೆ ಪ್ರತಿಯೊಂದು ಮನೆ. ಹಾಡಿನಲ್ಲಿ ಹರಸುತ್ತಾರೆ, ಮನೆಯವರು ದೀಪದ ತಟ್ಟೆಗೆ ಕಾಸು ಹಾಕುತ್ತಾರೆ. ಬಡವರ ಮನೆ, ಉಳ್ಳವರ ಮನೆ ಎಂಬ ಆಯ್ಕೆ ಇಲ್ಲಿಲ್ಲ. ಮಕ್ಕಳ ಸಂಖ್ಯೆ ಇಲ್ಲಿ ಏರುಪೇರಾಗುವುದು ಓಣಿಯಿಂದ ಓಣಿಗೆ ಅಲ್ಲ, ವರ್ಷದಿಂದ ವರ್ಷಕ್ಕೆ. ದುಡಿಯಲು ಗೋವಾಕ್ಕೆ ಹೋದವರು ಹಬ್ಬಕ್ಕೆ ಬಂದರೇ, ಕಬ್ಬು ಕಡಿಯುವ ಗ್ಯಾಂಗು ದೀಪಾವಳಿಗೆ ಮೊದಲೇ ಮಕ್ಕಳನ್ನು ಕಟ್ಟಿಕೊಂಡು ಹೊರಟಿತೇ ಎಂಬುದರ ಮೇಲೆ ಅದು ನಿಂತಿದೆ. ಮಳೆ ಕೈಕೊಟ್ಟ ವರ್ಷ ದೀಪ ಹಿಡಿಯುವ ಕೈಗಳೂ ಕಡಿಮೆ.

ಓಣಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಹಳೆಯ ಓಣಿಗಳು ಹೆಚ್ಚಿನಂಶ ಜಾತಿಯ ಮೇಲೆ ಕಟ್ಟಿದವು. ಕೇರಿಯ ಮಗು ಎಲ್ಲರ ಪಡಸಾಲೆಗೂ ಹೋಗುತ್ತಿರಲಿಲ್ಲ; ಹೋದರೆ ಅಂಗಳದಲ್ಲೇ ನಿಂತು ಬನ್ನಿ ಕೊಡಬೇಕಿತ್ತು. ಅತ್ತ ಊರಿನ ಮಕ್ಕಳು ಕೇರಿಯ ಮನೆಗಳಿಗೆ ಹೋಗಿದ್ದು ತೀರ ಕಡಿಮೆ. ಹಿರಿಯರಿಗೆ ಬನ್ನಿ ಕೊಟ್ಟು ಬನ್ನಿ ತಗೊಳ್ಳುವ ಹಬ್ಬದಲ್ಲಿ ಯಾವ ಹಿರಿಯರ ಬಾಗಿಲಿಗೆ ಯಾರೂ ಹೋಗಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಈ ದೃಷ್ಟಿಯಿಂದ ಹೊಸ ಬಡಾವಣೆಗೆ ಒಂದು ಅವಕಾಶ ಸಿಕ್ಕಿತ್ತು. ಅಲ್ಲಿ ದುಡ್ಡು ಕೊಟ್ಟವರಿಗೆ ಸೈಟು, ಪಕ್ಕದ ಮನೆಯವರು ಯಾವ ಜಾತಿಯವರೂ ಆಗಿರಬಹುದು. ಆ ಅವಕಾಶವನ್ನು ನಾವು ಕಾಂಪೌಂಡು ಎತ್ತರಿಸಿ ಕಳೆದುಕೊಳ್ಳುತ್ತಿದ್ದೇವೆ.

ಅಮೆರಿಕದಲ್ಲೂ ಇಂಥದೇ ಜಗಳ ಆಗಿದೆ. 2014ರಲ್ಲಿ ಸ್ಲೇಟ್ ಪತ್ರಿಕೆಯ ಸಲಹಾ ಅಂಕಣಕ್ಕೆ ಸಿರಿವಂತ ಬಡಾವಣೆಯ ನಿವಾಸಿಯೊಬ್ಬರು ಪತ್ರ ಬರೆದು, ಬೇರೆ ಕಡೆಯ ಬಡ ಮಕ್ಕಳು ಹ್ಯಾಲೋವೀನ್‌ಗೆ ತಮ್ಮ ಬೀದಿಗೆ ಬಂದು ಸಿಹಿ ಕೇಳುವುದರ ಬಗ್ಗೆ ಆಕ್ಷೇಪಿಸಿದರು. ಅಂಕಣಕಾರ್ತಿ ಎಮಿಲಿ ಯಾಫಿ ಆ ನಿವಾಸಿಯನ್ನೇ ಖಂಡಿಸಿ, ಎಲ್ಲರಿಗೂ ಸಾಲುವಷ್ಟು ಸಿಹಿ ತಂದಿಡಿ ಎಂದರು. ಮಕ್ಕಳು ತಮ್ಮ ಬೀದಿಯಲ್ಲಿ ಬಾಗಿಲು ಸಿಗದಿದ್ದರೆ ಬಾಗಿಲಿರುವ ಬೀದಿಗೆ ಹೋಗುತ್ತಾರೆ. ಅಲ್ಲಿ ಹೋಗಲು ಕಾರಿದೆ. ನಮ್ಮ ಮಕ್ಕಳಿಗೆ ಇರುವುದು ಕಾಲು ಮಾತ್ರ.

ಅಲ್ಲಿನ ಎಷ್ಟೋ ಊರುಗಳಲ್ಲಿ ಈಗ ಚರ್ಚು, ಶಾಲೆಗಳ ಆವರಣದಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು ಮಕ್ಕಳಿಗೆ ಸಿಹಿ ಹಂಚುವ ಪದ್ಧತಿ ಬಂದಿದೆ. ನಮ್ಮ ಬಡಾವಣೆಯ ಸಂಘಗಳು ದೇವಸ್ಥಾನದ ಮುಂದೆ ಎಲ್ಲರನ್ನೂ ಸೇರಿಸಿ ಬನ್ನಿ ವಿನಿಮಯ ಮಾಡಿಸುವುದು ಇದರದೇ ರೂಪ. ಉದ್ದೇಶ ಒಳ್ಳೆಯದು, ಆದರೆ ಇಷ್ಟಕ್ಕೇ ನಿಂತರೆ ಸಾಲದು. ಹ್ಯಾಲೋವೀನ್‌ನಲ್ಲಿ ಮಗು ಕೇಳಲು ಬರುತ್ತದೆ. ಬನ್ನಿಯಲ್ಲಿ ಕೊಡಲು ಬರುತ್ತದೆ. ಕಾಲುನೋವಿನಿಂದ ದೇವಸ್ಥಾನದವರೆಗೂ ನಡೆಯಲಾಗದ ಅಜ್ಜ-ಅಜ್ಜಿಯರ ಹತ್ತಿರ ಅದು ನಡೆದು ಹೋಗುತ್ತದೆ. ಸಭೆಯಲ್ಲಿ ಸಾಲಾಗಿ ನಿಂತು ಎಲೆ ಹಂಚಿದರೆ ಮನೆಯಲ್ಲೇ ಉಳಿದ ಆ ಮುದುಕಿಗೆ ಯಾರು ಬನ್ನಿ ಕೊಟ್ಟಂತಾಯಿತು? ಮಕ್ಕಳು ದೂರದ ಊರಿನಲ್ಲಿರುವ ವೃದ್ಧ ದಂಪತಿ ಈಗ ಹೆಚ್ಚಾಗಿ ಇರುವುದು ಈ ಬಡಾವಣೆಗಳಲ್ಲೇ.

ಸಂಘಗಳಿಂದ ಆಗುವ ಕೆಲಸವಿದೆ. ಸಭೆ ಮುಗಿದ ಮೇಲೆ ದೊಡ್ಡ ಮಕ್ಕಳ ಕೈಗೆ ಚಿಕ್ಕವರನ್ನು ಒಪ್ಪಿಸಿ ಅಡ್ಡರಸ್ತೆಗೊಂದು ಗುಂಪು ಮಾಡಿ ಮನೆಗಳಿಗೆ ಕಳಿಸಬಹುದು. ಬನ್ನಿಗೆ ಕಾಯುತ್ತಿರುವವರು ಅಷ್ಟೊತ್ತು ಗೇಟು ತೆರೆದು ಹೊರಗಿನ ದೀಪ ಹಾಕಿಟ್ಟರೆ ಮಕ್ಕಳಿಗೆ ಗುರುತು ಸಿಗುತ್ತದೆ. ನಗರಸಭೆ ದಸರೆಗೆ ಮುಖ್ಯರಸ್ತೆಗೆ ಸೀರಿಯಲ್ ಸೆಟ್ ಕಟ್ಟುವುದರ ಜೊತೆಗೆ ಅಡ್ಡರಸ್ತೆಯ ಕೆಟ್ಟ ಬಲ್ಬು ಬದಲಿಸಲಿ, ಖಾಲಿ ಸೈಟಿನ ಕಂಟಿ ಕಡಿಸಿ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಲಿ. ಬಡಾವಣೆಗೆ ಮಂಜೂರಾತಿ ಕೊಡುವ ಪ್ರಾಧಿಕಾರದವರು ಉದ್ಯಾನ, ರಸ್ತೆಗಳ ಅಗಲ ಅಳೆಯುವಾಗ, ಈ ನಕ್ಷೆಯಲ್ಲಿ ಒಂದು ಮಗು ಸಂಜೆ ಏಳಕ್ಕೆ ಎಷ್ಟು ಬಾಗಿಲಿಗೆ ನಡೆದು ಹೋಗಬಲ್ಲದು ಎಂದೂ ಕೇಳಲಿ.

ಶಾಲೆಗಳಿಗೂ ಒಂದು ಕೋರಿಕೆ. ದಸರೆ ರಜೆ ಮುಗಿದು ಬಂದ ಮೊದಲ ದಿನ ಮಕ್ಕಳಿಗೆ ತಾವು ಬನ್ನಿ ಕೊಟ್ಟ ಮನೆಗಳ ನಕ್ಷೆ ಬಿಡಿಸಲು ಹೇಳಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಒಂದೊಂದು ಶಾಲೆಯಿಂದ ಇಂಥ ನಕ್ಷೆಗಳು ಬಂದರೆ ಯಾವ ಓಣಿ ತುಂಬಿತ್ತು, ಯಾವ ಬಡಾವಣೆ ಖಾಲಿ ಇತ್ತು, ಯಾವ ಕೇರಿಗೆ ಯಾರೂ ಹೋಗಲಿಲ್ಲ ಎಂಬುದು ಕಣ್ಣೆದುರು ಬರುತ್ತದೆ. ಮುಂದಿನ ದಸರೆಗೆ ಮಕ್ಕಳನ್ನು ಮೊದಲು ಕರೆದುಕೊಂಡು ಹೋಗಬೇಕಾದ್ದು ನಕ್ಷೆಯಲ್ಲಿ ಗುರುತಿಲ್ಲದ ಆ ಮನೆಗಳಿಗೇ.