ಕರಿಯ ಕೋಟು ತೊಡದ ವಕೀಲ

ಕೃಷ್ಣರಾಜಪುರದಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ದಂಡಿನತ್ತ ಬರುವವರು ದೂರವಾಣಿನಗರ, ಬೈಯಪ್ಪನಹಳ್ಳಿ, ಇಂದಿರಾನಗರ, ಹಲಸೂರುಗಳನ್ನು ದಾಟಿ ಮಹಾತ್ಮಾ ಗಾಂಧಿ ರಸ್ತೆಯ ಮೇಯೋ ಹಾಲನ್ನು ಸೇರುತ್ತಾರೆ. 1883ರ ಆ ಭವನದ ಆವರಣದಲ್ಲಿ ನ್ಯಾಯಾಲಯಗಳಿವೆ. ಕರಿಯ ಕೋಟಿನ ವಕೀಲರೂ ಅವರ ಬೆನ್ನು ಹಿಡಿದ ಕಕ್ಷಿಗಾರರೂ ಅಲ್ಲಿ ಕಾಣಸಿಗುತ್ತಾರೆ. ಆದರೆ ಅದೇ ದಾರಿಯುದ್ದಕ್ಕೂ, 1948ರಲ್ಲಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆಯಿಂದ ಮೊದಲುಗೊಂಡು ಇಂದಿನ ಗಾಜಿನ ಗೋಡೆಯ ಕಚೇರಿಗಳವರೆಗೆ, ಉದ್ಯಮಗಳು ತಲೆಯೆತ್ತಿವೆ. ಇಂತಹ ಸಂಸ್ಥೆಗಳಲ್ಲಿ ಇನ್ನೊಂದು ಬಗೆಯ ವಕೀಲರು ಕೆಲಸ ಮಾಡುತ್ತಾರೆ. ಅವರಿಗೆ ಕೋಟೂ ಇಲ್ಲ, ಕಕ್ಷಿಗಾರರ ಗುಂಪೂ ಇಲ್ಲ, ತಿಂಗಳ ಸಂಬಳವುಂಟು.

‘ನ್ಯಾಯಾಲಯದಲ್ಲಿ ಒಂದು ದಿನವೂ ವಾದಿಸದವನು ಕಂಪನಿಯ ವಕೀಲನಾಗಿ ಏಳಿಗೆ ಹೊಂದಬಲ್ಲನೆ?’ ಎಂಬುದು ಕಾನೂನು ಓದುತ್ತಿರುವ ತರುಣ ತರುಣಿಯರ ಪ್ರಶ್ನೆ. ಹೊಂದಬಲ್ಲನು, ಸಂದೇಹವಿಲ್ಲ. ಆದರೆ ಆ ಏಳಿಗೆಗೆ ತೆರಬೇಕಾದ ಬೆಲೆಯನ್ನು ಮೊದಲೇ ತಿಳಿದಿರುವುದು ಲೇಸು.

ಗೆದ್ದವನು ಸೋತ, ಸೋತವನು ಸತ್ತ ಎಂದು ವ್ಯಾಜ್ಯವನ್ನು ಕುರಿತು ನಮ್ಮ ಹಿರಿಯರು ಹೇಳಿದ್ದಾರೆ. ಕಂಪನಿಯ ವಕೀಲನ ವಿದ್ಯೆಯೆಲ್ಲ ಆ ವ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದರಲ್ಲಿದೆ. ಇಂದಿರಾನಗರದಲ್ಲಿ ಒಂದು ಕಂಪನಿ ಮೂರು ವರ್ಷಗಳಿಗೆ ಕಟ್ಟಡವನ್ನು ಬಾಡಿಗೆಗೆ ಹಿಡಿಯಿತೆನ್ನಿ. ಮುಂಗಡ ಹಣ ಯಾವಾಗ ಮರಳಬೇಕು, ದುರಸ್ತಿಯ ಖರ್ಚು ಯಾರದು, ತಕರಾರು ಬಂದರೆ ತೀರ್ಮಾನಿಸುವವರಾರು ಎಂಬುದೆಲ್ಲ ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಪತ್ರ ನೋಂದಣಿಯಾಗದಿದ್ದರೆ, ನಾಳೆ ಅದರ ಷರತ್ತುಗಳನ್ನು ರುಜುವಾತುಪಡಿಸುವುದಕ್ಕೆ ಆ ಪತ್ರ ಒದಗುವುದಿಲ್ಲ. ಇದನ್ನು ಸಹಿಗೆ ಮುಂಚೆ ಹೇಳಿದವನು ಕಂಪನಿಗೆ ಮಾಡಿದ ಉಪಕಾರ ಹತ್ತು ದಿನಗಳ ವಾದಕ್ಕಿಂತ ಕಡಮೆಯದಲ್ಲ.

ಹಾಗೆಂದು ನ್ಯಾಯಾಲಯದ ಪರಿಚಯವೇ ಬೇಡವೆಂದು ಭಾವಿಸುವುದು ತರವಲ್ಲ. ವಾಣಿಜ್ಯ ವ್ಯಾಜ್ಯದ ಸಮನ್ಸು ಕೈಸೇರಿದ 30 ದಿನಗಳೊಳಗೆ ಪ್ರತಿವಾದಿಯು ಲಿಖಿತ ಹೇಳಿಕೆ ಸಲ್ಲಿಸಬೇಕು. ಅವಧಿಯನ್ನು ವಿಸ್ತರಿಸುವುದು ಸಾಧ್ಯವಾದರೂ 120 ದಿನಗಳು ಕಳೆದರೆ ಆ ಹಕ್ಕೇ ನಷ್ಟವಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಸ್ಪಷ್ಟಪಡಿಸಿತು. ಆ ಸಮನ್ಸು ಯಾರದೋ ಮೇಜಿನ ಮೇಲೆ ಮಲಗಿದ್ದರೆ ಹೊರಗಿನ ವಕೀಲ ಎಷ್ಟು ವಾಕ್ಪಟುವಾದರೇನು? ಕಂಪ್ಯೂಟರಿನಲ್ಲಿರುವ ಪತ್ರವ್ಯವಹಾರವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಅದನ್ನು ಸಕಾಲದಲ್ಲಿ ಒದಗಿಸುವುದೂ ಒಳಗಿನವನ ಜವಾಬ್ದಾರಿಯೇ. ಈ ತಿಳಿವಳಿಕೆಯನ್ನು ವಾದಿಸದೆಯೂ ಗಳಿಸಬಹುದು. ಕಂಪನಿಯ ದಾವೆ ವಿಚಾರಣೆಗೆ ಬಂದ ದಿನ ಹೊರಗಿನ ವಕೀಲರೊಡನೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಟೀಸವಾಲನ್ನು ಕೇಳಬೇಕು. ಮುಗಿದ ಮೊಕದ್ದಮೆಯ ಕಡತವನ್ನು ವಾದಪತ್ರದಿಂದ ತೀರ್ಪಿನವರೆಗೆ ಓದಬೇಕು. ಕರಾರಿನ ಯಾವ ವಾಕ್ಯ ಕಂಪನಿಯನ್ನು ಉಳಿಸಿತು, ಯಾವುದು ಮುಳುಗಿಸಿತು ಎಂದು ಗುರುತು ಹಾಕಿಕೊಳ್ಳಬೇಕು. ಇದರೊಡನೆ ಕಾರ್ಖಾನೆಯನ್ನೂ ಲೆಕ್ಕಪತ್ರಗಳನ್ನೂ ಬಲ್ಲವನಾದರೆ ಅವನ ಮಾತಿಗೆ ಆಡಳಿತ ಮಂಡಲಿಯಲ್ಲಿ ಬೆಲೆ ಬರುತ್ತದೆ.

ಇನ್ನು ಬೆಲೆಯ ಮಾತು. ಪೂರ್ಣಾವಧಿಯ ಸಂಬಳದ ನೌಕರಿ ಹಿಡಿದವನು ಅದನ್ನು ವಕೀಲರ ಪರಿಷತ್ತಿಗೆ ತಿಳಿಸಿ, ನೌಕರಿಯಲ್ಲಿರುವವರೆಗೆ ವಕೀಲಿ ವೃತ್ತಿಯನ್ನು ನಿಲ್ಲಿಸಬೇಕೆಂಬುದು ಪರಿಷತ್ತಿನ 49ನೆಯ ನಿಯಮ. ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಯಮವನ್ನು ಎತ್ತಿಹಿಡಿಯಿತು. ನೌಕರಿ ಬಿಟ್ಟ ಮೇಲೆ ವಕೀಲಿಗೆ ಮರಳುವ ದಾರಿ ಮುಚ್ಚಿಲ್ಲವೆಂಬುದಷ್ಟೇ ಸಮಾಧಾನ. ಎರಡನೆಯದಾಗಿ, ಸಿವಿಲ್ ನ್ಯಾಯಾಧೀಶರ ಮೊದಲ ಹಂತದ ಹುದ್ದೆಗೆ ಮೂರು ವರ್ಷಗಳ ವಕೀಲಿ ಇರಲೇಬೇಕೆಂದು ಅದೇ ನ್ಯಾಯಾಲಯ 2025ರ ಮೇ 20ರಂದು ತೀರ್ಪಿತ್ತಿತು. ನ್ಯಾಯಪೀಠದ ಆಸೆಯುಳ್ಳವರು ಪದವಿ ಮುಗಿದೊಡನೆ ಕಂಪನಿಯ ಬಾಗಿಲು ತಟ್ಟುವ ಮುನ್ನ ಈ ತೀರ್ಪನ್ನೂ ನೇಮಕಾತಿಯ ಇತ್ತೀಚಿನ ಪ್ರಕಟಣೆಯನ್ನೂ ಓದಿ ನಿರ್ಧರಿಸಲಿ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಕಕ್ಷಿಗಾರನು ತನ್ನ ವಕೀಲನಿಗೆ ಹೇಳಿದ ಗುಟ್ಟನ್ನು ಬಯಲು ಮಾಡುವಂತೆ ವಕೀಲನನ್ನು ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ಆ ರಕ್ಷಣೆಯನ್ನು ಕೊಡುತ್ತದೆ. ಆದರೆ ಕಂಪನಿಯ ಸಂಬಳದ ವಕೀಲ ನ್ಯಾಯಾಲಯದಲ್ಲಿ ವೃತ್ತಿನಿರತನಲ್ಲವಾದ್ದರಿಂದ ಈ ರಕ್ಷಣೆ ಅವನಿಗಿಲ್ಲವೆಂದು 2025ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಂಪನಿಯ ಹೊರಗಿನ ಕಾನೂನು ಸಲಹೆಗಾರರೊಡನೆ ಅವನು ನಡೆಸುವ ವ್ಯವಹಾರಕ್ಕೆ 134ನೆಯ ಕಲಮಿನ ಆಸರೆಯುಂಟು. ತನ್ನ ಯಜಮಾನರೊಡನೆ ನಡೆಸಿದ ಮಾತುಕತೆಗೆ ಅದೂ ಇಲ್ಲ.

ಆದಕಾರಣ ಈ ಕುರ್ಚಿಯಲ್ಲಿ ಕುಳಿತು ಬರೆದ ಪ್ರತಿಯೊಂದು ಟಿಪ್ಪಣಿಯೂ ಒಂದು ದಿನ ನ್ಯಾಯಾಧೀಶರ ಮುಂದೆ ಬರಬಹುದೆಂದು ತಿಳಿದೇ ಬರೆಯಬೇಕು. ‘ಇದನ್ನು ಹೇಗಾದರೂ ಸರಿಪಡಿಸಿಬಿಡಿ’ ಎಂದು ಮೇಲಿನವರು ಹೇಳುವ ಗಳಿಗೆ ಈ ಕೆಲಸದಲ್ಲಿ ಬರದೆ ಇರದು. ಹೊರಗಿನ ವಕೀಲನಾದರೆ ಆ ಕಕ್ಷಿಗಾರನನ್ನು ಬಿಟ್ಟರೂ ಇತರರಿಂದ ಬದುಕಿಯಾನು. ಒಳಗಿನವನಿಗೆ ಕಕ್ಷಿಗಾರನೂ ಒಬ್ಬನೇ, ಅನ್ನದಾತನೂ ಅವನೇ. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ಸರಿಯೇ. ಆದರೆ ಯಜಮಾನನು ತಪ್ಪು ದಾರಿಗೆ ಕಾಲಿಟ್ಟಾಗ ಸುಮ್ಮನಿರುವುದೇ ಎರಡು ಬಗೆಯುವುದು. ‘ಇದು ಕಾನೂನಿಗೆ ಸಮ್ಮತವಲ್ಲ’ ಎಂದು ವಿನಯದಿಂದ, ಬರಹದಲ್ಲಿ ತಿಳಿಸುವುದು ನಿಷ್ಠೆ.

ಪಾಟೀಸವಾಲು ಮಾಡಲಿಲ್ಲವೆಂದು ಯಾರೂ ಕೀಳರಿಮೆ ಪಡಬೇಕಾಗಿಲ್ಲ. ಈ ವೃತ್ತಿಯಲ್ಲಿ ಮೇಲೇರುವವನನ್ನು ಪರೀಕ್ಷಿಸುವ ಮಾತು ‘ಇಲ್ಲ’ ಎಂಬ ಎರಡಕ್ಷರ. ಅದನ್ನು ನುಡಿಯುವ ಧೈರ್ಯವನ್ನೂ, ನುಡಿದ ಮೇಲೆ ಬೇರೊಂದು ನ್ಯಾಯವಾದ ದಾರಿಯನ್ನು ತೋರಿಸುವ ಜಾಣ್ಮೆಯನ್ನೂ ಸಂಪಾದಿಸಿಕೊಂಡವರು ಈ ಕೆಲಸಕ್ಕೆ ನಿಶ್ಚಿಂತೆಯಿಂದ ಸೇರಬಹುದು.